ಜರಿ ಕೊರಳಿನ ಫ್ರಾಕು

ನಕ್ಕಳು, ಮತ್ತೆ ನಕ್ಕಳು ದೇವಿಕಾ, ಕಿಟಕಿಯ ಗಾಜಿನಾಚೆ ಹಲ್ಲಷ್ಟೇ ಕಾಣುತ್ತಿದೆ, ಸದ್ದಿಲ್ಲ, ಆದರೂ ಸಂಪದಾಳಿಗೆ ಅದು ಕೇಳಿಸುತ್ತದೆ, ವಾರದಿಂದ ತನ್ನ ಅಡುಗೆಮನೆಯಲ್ಲಿ, ಬಚ್ಚಲ ಬಾಗಿಲಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕೇಳಿಸಿದ ಅದೇ ನಗು, ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂತೆ — ಅಷ್ಟು ಮುಂದೆ ಬಾಗಬೇಡ, ಮುಖದ ಹತ್ತಿರ ಮುಖ ತಂದರೆ ಅಪ್ಪಿ ಕಣ್ಣು ಮುಚ್ಚಿಕೊಳ್ಳುತ್ತಾಳೆ, ಇಷ್ಟೂ ತಿಳಿಯದೇ ನಿನಗೆ, ಬಾಗು, ಬಾಗು, ಇನ್ನಷ್ಟು ಬಾಗು. ತಾನು ಇಲ್ಲಿ ಹೊರಗೆ, ಶಾಲೆಯ ವರಾಂಡದಲ್ಲಿ, ಹೆತ್ತ ಮಗಳನ್ನು ಅಂಗಡಿಯ ಬೊಂಬೆಯಂತೆ ಗಾಜಿನೊಳಗಿಂದ ನೋಡುತ್ತ ನಿಂತಿದ್ದಾಳೆ, ಒಳಗೆ ಚಾಪೆಯ ಮೇಲೆ ಅಪ್ಪಿ, ಎದುರಿಗೆ ದೇವಿಕಾ, ಗೋಡೆಗುಂಟ ಕುರ್ಚಿ ಹಾಕಿಕೊಂಡು ಉಳಿದ ಟೀಚರುಗಳು, ಮೂಲೆಯಲ್ಲಿ ತರಬೇತಿ ಕೊಡಲು ಬಂದ ಸಾವಿತ್ರೀಬಾಯಿ ಮೇಡಂ. ತಾಯಿ ಹೊರಗ ನಿಂದರಬೇಕವಾ, ಒಳಗಿದ್ರ ಕೂಸಿನ ಬದಲಿ ನೀನೇ ಉತ್ತರ ಕೊಡ್ತಿ, ಅಂದಿದ್ದರು ಮೇಡಂ, ಎಲ್ಲರ ಎದುರಿಗೇ ಅಂದಿದ್ದರು, ಎಲ್ಲರೂ ನಕ್ಕಿದ್ದರು, ಸಂಪದಾಳೂ ನಕ್ಕಿದ್ದಳು, ಹೌದ್ರಿ ಮೇಡಂ ಖರೇ ಅದ ಎಂದು ನಗುತ್ತಲೇ ಹೊರಗೆ ಬಂದಿದ್ದಳು, ಬಾಗಿಲು ಮುಚ್ಚಿದ ಮೇಲೆ ಆ ನಗುವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಅಪ್ಪಿಯ ಬದಲು ಉತ್ತರ ಕೊಡದೆ ಇನ್ನೇನು ಮಾಡಿದ್ದಾಳೆ ಅವಳು ಇಷ್ಟು ವರ್ಷ. ಅಪೂರ್ವ ಎಂದು ಹೆಸರಿಟ್ಟ ಮಗಳು ಆ ಹೆಸರಿಗೆ ಒಮ್ಮೆಯೂ ತಿರುಗಿ ನೋಡಲಿಲ್ಲ, ಮೂರು ತುಂಬಿದರೂ ಮಾತಿಲ್ಲ, ಹೈದರಾಬಾದಿನ ಡಾಕ್ಟರು ಆಟಿಸಂ ಅಂದರು, ಅತ್ತೆ ದೆವ್ವ ಅಂದಳು, ಗಂಡ ನಂದಕಿಶೋರ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಬೆಳಿಗ್ಗೆ ಹೊರಟುಹೋದ. ಉಳಿದದ್ದು ಸಂಪದಾ. ಮೊಸರನ್ನದಲ್ಲಿ ಸಾಸಿವೆ ಕಂಡರೆ ತಟ್ಟೆ ಹಾರುತ್ತದೆ ಎಂದು ಕಂಡುಕೊಂಡವಳು ಅವಳು, ಕಿವಿ ಮುಚ್ಚಿಕೊಂಡರೆ ತಲೆನೋವು, ಗುಂಯ್ ಎಂದರೆ ಸಂತೋಷ, ಕಾಲ್ಬೆರಳ ಮೇಲೆ ನಿಂತರೆ ಹಸಿವು, ಎಲ್ಲವನ್ನೂ ಒಂದೊಂದಾಗಿ ಕಲಿತವಳು ಅವಳು, ಆ ಕಲಿಕೆಯ ಮೇಲೇ ಈ ಕೆಲಸ ಹಿಡಿದು ಜಹೀರಾಬಾದಿನ ವಿಶೇಷ ಮಕ್ಕಳ ಕೇಂದ್ರಕ್ಕೆ ಹಿರಿಯ ಟೀಚರ್ ಆದವಳು. ನನ್ನ ಮಗಳನ್ನ ನನ್ನ ಬಿಟ್ಟು ಯಾರೂ ಓದಲಾರರು, ಅನ್ನುತ್ತಿದ್ದಳು ಬಂದವರಿಗೆಲ್ಲ, ದುಃಖದ ಮಾತೆಂದು ಅವರು ತಿಳಿದರು, ದುಃಖವಲ್ಲ ಅದು, ಅವಳ ಒಡವೆ, ಮೈಮೇಲಿದ್ದದ್ದು ಅದೊಂದೇ.

ಈ ಸಮ್ಮೆ, ಈ ಮುಷ್ಕರ ಬರದಿದ್ದರೆ ಆ ಒಡವೆಗೆ ಕೈ ಹಚ್ಚುವವರು ಯಾರಿದ್ದರು. ಪ್ರತ್ಯೇಕ ತೆಲಂಗಾಣ ಕೊಡುವತನಕ ಕೆಲಸವಿಲ್ಲ ಎಂದು ಎಲ್ಲರೂ ಕೂತುಬಿಟ್ಟರು, ಕಚೇರಿಗಳು, ಶಾಲೆಗಳು, ಕೊನೆಗೆ ಬಸ್ಸುಗಳು, ಡಿಪೋದೊಳಗೆ ಸಾಲಾಗಿ ನಿಂತ ಬಸ್ಸುಗಳ ಗಾಲಿಗೆ ಹುಲ್ಲು ಹಬ್ಬತೊಡಗಿತು, ನಂದಕಿಶೋರ ಬೆಳಗಾದರೆ ಹೆದ್ದಾರಿಯ ಧರಣಿ ಟೆಂಟಿಗೆ ಹೋಗಿ ಕೂತ. ಶಾಲೆ ಖಾಲಿ ಅದಲ್ಲ, ತರಬೇತಿ ಇಲ್ಲೇ ಇಡೋಣು, ಅಂದರು ಕೇಂದ್ರ ನಡೆಸುವ ಸಂಸ್ಥೆಯವರು, ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಮೂರೂ ಕೇಂದ್ರದವರು ಜೀಪು ಆಟೋ ಸಿಕ್ಕಿದ್ದು ಹಿಡಿದು ಬಂದರು, ಆಟಿಸಂ ಇರುವ ಮಗು ಏನು ಕಲಿಯಬಲ್ಲದು, ಯಾವ ದಾರಿಯಿಂದ ಕಲಿಯಬಲ್ಲದು ಎಂದು ಗುರುತಿಸುವುದನ್ನು ಕಲಿಯಲಿಕ್ಕೆ. ತಾಂಡೂರಿನವರ ಜೊತೆ ಬಂದವಳು ಪೆದ್ದೆಮುಲ್ಲಿನ ಈ ದೇವಿಕಾ, ಒಕ್ಕಲುತನದ ಮನೆಯವಳು, ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದವಳು, ತಿರುಗಿ ಹೋಗಲು ಬಸ್ಸಿಲ್ಲ, ಉಳಿಯಲು ಮನೆಯಿಲ್ಲ. ನಮ್ಮನ್ಯಾಗ ಇರ್ಲಿ ಬಿಡ್ರಿ ಮೇಡಂ, ಅಂದವಳು ಯಾರು, ತಾನೇ, ಸಂಪದಾ, ತನ್ನ ಬಾಯಿಂದಲೇ.

ಬಂದ ದಿನ ರೊಟ್ಟಿ ಸುಟ್ಟಳು, ಕರಿಕಲು, ನಗುತ್ತ ತಾನೇ ತಿಂದಳು. ಅಪ್ಪಿಯನ್ನು ಬಂಗಾರೀ ಎಂದು ಅಪ್ಪಲು ಹೋಗಿ ಮೂಗಿಗೆ ಗುದ್ದಿಸಿಕೊಂಡಳು, ಸಂಪದಾ ಅಡುಗೆಮನೆಯಲ್ಲಿ ಆ ಕಡೆ ತಿರುಗಿ ಪುಂಡಿಪಲ್ಯ ತಿರುವಿದಳು, ಬಾಯಿಯ ಮೂಲೆಯಲ್ಲಿ ನಗು ಒತ್ತಿ ಹಿಡಿದು, ಡಿಪ್ಲೊಮಾ ಅಂತೆ ಡಿಪ್ಲೊಮಾ. ಮರುದಿನ ತರಬೇತಿಯಲ್ಲಿ ಮೇಡಂ ಹೇಳಿದರು, ಮಗುಗ ಏನ್ ಬರಂಗಿಲ್ಲ ಅಂಬೋದು ಎಲ್ಲಾರಿಗಿ ಗೊತ್ತದ, ಏನ್ ಬರ್ತದ ನೋಡ್ರಿ, ಕೇಳಿ ಸುಮ್ಕ ಕೂಡ್ರಿ, ಕಾಯ್ರಿ, ಅದಕ್ಕ ಪ್ರೀತಿ ಇದ್ದ ವಸ್ತುವಿನಿಂದ ಕೇಳ್ರಿ. ಸಂಪದಾ ತಲೆಯಾಡಿಸಿದಳು, ಇದೆಲ್ಲ ತನಗೆ ಹಳೆಯದು. ಅವತ್ತೇ ಸಂಜೆ ಹಾಲು ತರಲು ಮೂವರೂ ಹೋದರು, ಆಚೆ ಓಣಿಯಲ್ಲಿ ಹೆಂಗಸರು ಬತುಕಮ್ಮನ ಹಬ್ಬಕ್ಕೆ ತಂಗಡಿ ಹೂವು ಹರಿಯುತ್ತಿದ್ದರು, ಸಂಪದಾ ಎಂದಿನಂತೆ ಡಿಪೋ ರಸ್ತೆ ತಪ್ಪಿಸಿ ಓಣಿ ಹಿಡಿದಳು, ಯಾಕ್ರಿ ಅಕ್ಕಾ ಈಕಡಿಂದ, ಅಂದಳು ದೇವಿಕಾ, ಬಸ್ಸು ಕಂಡ್ರ ಚೀರ್ತಾಳವಾ, ಹಾರನ್ ಸದ್ದಿಗಿ ಅಂಜ್ತಾಳ, ಅಂದಳು ಸಂಪದಾ. ಬಸ್ಸೇ ಓಡವಲ್ಲವು ಈಗ, ಹಾರನ್ ಎಲ್ಲಿಂದ ಬರ್ತದ್ರಿ, ಅಂದದ್ದೇ ಅಪ್ಪಿಯ ಕೈ ಹಿಡಿದು ಆ ಹುಡುಗಿ ಡಿಪೋ ಗೋಡೆಯ ಕಡೆ ನಡೆದುಬಿಟ್ಟಳು.

ಅಪ್ಪಿ ಚೀರಿದಳು, ಗೋಡೆಗೆ ಎದೆ ಹಚ್ಚಿ ಚೀರಿದಳು, ನೋಡು ಹೇಳಿದ್ದೆನಲ್ಲ ಎಂದು ಸಂಪದಾ ಮಗಳ ಕಿವಿ ಮುಚ್ಚಲು ಓಡಿದರೆ ದೇವಿಕಾ ಅಡ್ಡ ಕೈ ಹಾಕಿದಳು, ತಡೀರಿ ಅಕ್ಕಾ, ಅಂಜಿದ ಕೂಸು ಹಿಂದಕ್ ಸರೀತದ, ಇಕಿ ಮುಂದಕ್ ಹೊಂಟಾಳ. ಗೋಡೆಯಾಚೆ ನಿಂತ ಬಸ್ಸುಗಳ ಬೋರ್ಡುಗಳನ್ನು ಅಪ್ಪಿ ನೋಡುತ್ತಿದ್ದಳು, ಒಂದರಿಂದ ಇನ್ನೊಂದಕ್ಕೆ, ಎಡದಿಂದ ಬಲಕ್ಕೆ, ಕಣ್ಣು ಓಡಿಸುತ್ತ, ಹೋಗು ಹೋಗು ಎಂದು ನೂಕುವವಳಂತೆ ಗೋಡೆಯನ್ನು ತಳ್ಳುತ್ತ. ಮನೆಗೆ ಬಂದದ್ದೇ ದೇವಿಕಾ ರಟ್ಟು ಕತ್ತರಿಸಿದಳು, ಸ್ಕೆಚ್ ಪೆನ್ನಿನಿಂದ ತೆಲುಗಿನಲ್ಲಿ ಊರ ಹೆಸರು ಬರೆದಳು, ಜಹೀರಾಬಾದ್, ಪೆದ್ದೆಮುಲ್, ತಾಂಡೂರು, ಕೊಡಂಗಲ್, ಕಲಸಿ ನೆಲದ ಮೇಲೆ ಚೆಲ್ಲಿದಳು, ಕೇಳಿದಳು, ಕಾದಳು. ಅಪ್ಪಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎತ್ತಿ ಸಾಲಾಗಿ ಇಟ್ಟಳು, ಬಸ್ಸು ಹೋಗುವ ದಾರಿಯಲ್ಲೇ ಇಟ್ಟಳು, ಕೊಡಂಗಲ್ ಇಟ್ಟು ಗುಂಯ್ ಎಂದಳು. ಓದುತ್ತಾಳೆ. ತನ್ನ ಮಗಳು ಓದುತ್ತಾಳೆ, ಯಾವಾಗಿನಿಂದಲೋ, ಯಾರಿಗೂ ಹೇಳದೆ. ಸಂಪದಾಳ ಕೈಯಲ್ಲಿ ಹಾಲಿನ ಪಾತ್ರೆಯಿತ್ತು, ಸಂತೋಷ ಬರುತ್ತದೆ ಈಗ ಬರುತ್ತದೆ ಎಂದು ಕಾದಳು, ಬಂದದ್ದು ಬೇರೆಯೇ, ಹೊಟ್ಟೆಯ ತಳದಿಂದ ಹುಳಿ ತೇಗಿನಂತೆ ಮೇಲಕ್ಕೆ ಬಂತು, ಇವಳಿಗೆ, ರೊಟ್ಟಿ ಸುಡುವ ಈ ಹುಡುಗಿಗೆ ತೋರಿಸಿದೆಯಾ ಅಪ್ಪೀ, ನನಗಲ್ಲ.

ನಂದಕಿಶೋರ ಟೆಂಟಿನಿಂದ ಬಂದವನು ನೋಡಿ ಅತ್ತುಬಿಟ್ಟ, ಮೀಸೆಯ ಗಂಡಸು, ಹೆಗಲ ಟವಲ್ಲಿನಿಂದ ಮುಖ ಮುಚ್ಚಿಕೊಂಡು. ಸಣ್ಣಾಕಿ ಇದ್ದಾಗ ನನ್ನ ಬಸ್ಸಿನಾಗ ಕೊಡಂಗಲ್ ತನಕ ಒಯ್ದಿದ್ದೆ ಸಂಪದಾ, ಮುಂದಿನ ಸೀಟಿನ್ಯಾಗ ರಾಣಿಹಂಗ ಕೂಡ್ತಿದ್ಳು, ನೀನೇ ಬ್ಯಾಡಂದಿ, ಅಂದ, ದೂರಲಿಲ್ಲ, ಅಂದನಷ್ಟೇ, ಅದಕ್ಕಿಂತ ದೂರಿದ್ದರೆ ಚೆನ್ನಿತ್ತು. ಹೌದು ಬೇಡವೆಂದಿದ್ದಳು, ಬಸ್ಸು ನಿಂತಲ್ಲೆಲ್ಲ ಮಗಳು ಚೀರುತ್ತಾಳೆ ಜನ ನೋಡುತ್ತಾರೆ ಎಂದು ಬೇಡವೆಂದಿದ್ದಳು, ಬಸ್ಸು ನಿಂತದ್ದಕ್ಕೆ ಚೀರುತ್ತಿದ್ದಳು ಅಪ್ಪಿ, ಹಾರನ್ನಿಗಲ್ಲ, ಇಷ್ಟು ವರ್ಷ ಓಣಿಯಲ್ಲಿ ಸುತ್ತಿಸಿ ಸುತ್ತಿಸಿ ಮಗಳು ಪ್ರೀತಿಸುವ ಒಂದೇ ವಸ್ತುವಿನಿಂದ ಮಗಳನ್ನು ಕಾಪಾಡಿದ್ದಳು. ನೀ ಬಂದದ್ದು ಉಪಕಾರ ಆತು ನೋಡು ತಂಗಿ, ಅಂದ ಅವನು ದೇವಿಕಾಗೆ, ಹಂಗ್ಯಾಕಂತೀರಿ ಅಣ್ಣೋರೆ, ಅಂದು ಅವಳು ನಕ್ಕಳು, ಮೂವರೂ ನೆಲದ ಮೇಲೆ, ಗಂಡ, ಮಗಳು, ಆ ಹುಡುಗಿ, ರಟ್ಟಿನ ರಸ್ತೆಯ ಎರಡೂ ಬದಿಗೆ, ಸಂಪದಾ ಬಾಗಿಲಲ್ಲಿ, ತನ್ನದೇ ಮನೆಗೆ ಬಂದ ನೆಂಟಳು. ಅಂದಿನಿಂದ ಬೆಳಗಾದರೆ ಅಪ್ಪಿ ತಾಯಿಯ ಸೆರಗಿಗೆ ಬರುವುದಿಲ್ಲ, ರಟ್ಟು ಹಿಡಿದುಕೊಂಡು ದೇವಿಕಾಳ ಹಾಸಿಗೆಯ ಬಳಿ ಹೋಗಿ ನಿಲ್ಲುತ್ತಾಳೆ, ಸಂಪದಾ ಅದೇ ಊರುಗಳನ್ನು ಬರೆದು ಅದೇ ನೆಲದ ಮೇಲೆ ಚೆಲ್ಲಿದಳು ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಅಪ್ಪಿ ಅವುಗಳ ಮೇಲೆ ನಡೆದುಹೋದಳು.

ಕಡೀ ದಿನ ಯಾರಾರ ಒಂದು ಮಗುವಿನ ಪರೀಕ್ಷಾ ಎಲ್ಲಾರ ಮುಂದ ಮಾಡಬೇಕು, ಅಂದರು ಮೇಡಂ, ದೇವಿಕಾ ಮಾಡ್ಲಿ, ಅಪ್ಪಿಗೇ ಮಾಡ್ಲಿ, ಬರಾಬ್ಬರಿ ಬಂತಂದ್ರ ಸಾಲಿ ತೆರೆದ ಮ್ಯಾಲ ಒಂದನೇ ಕ್ಲಾಸಿಗಿ ಕೂಡಿಸ್ಲಿಕ್ ನಾ ಬರ್ದು ಕೊಡ್ತೀನಿ. ತಾಯಿ, ಮಗುಗ ಏನೇನು ಆಗೂದಿಲ್ಲ ಅಂಬೋದು ಹೇಳವಾ ಮದಲ, ಅಂದರು. ಸಾಸಿವೆ ಹೇಳಿದಳು, ಮುಖದ ಹತ್ತಿರ ಮುಖ ಹೇಳಿದಳು, ಕುಕ್ಕರಿನ ಸೀಟಿ ಹೇಳಿದಳು, ಬಟ್ಟೆಯ ಮಾತು ಬಾಯಿಗೆ ಬರಲಿಲ್ಲ, ಬರಲಿಲ್ಲವೋ ಬಂದದ್ದನ್ನು ನುಂಗಿದಳೋ, ಈಗ ಗಾಜಿಗೆ ಹಣೆ ಹಚ್ಚಿ ನಿಂತಾಗಲೂ ಅವಳಿಗೆ ಗೊತ್ತಿಲ್ಲ, ಗೊತ್ತಿದೆ. ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆರೆದಳು. ಮೆತ್ತಗಾದ ಹಳೆಯ ಹತ್ತಿಯ ಫ್ರಾಕು ಮೇಲೇ ಇತ್ತು, ಅದನ್ನು ಸರಿಸಿದಳು, ಕೆಳಗಿನಿಂದ ದಸರಾಕ್ಕೆಂದು ತವರಿನಿಂದ ಬಂದ ಗುಲಾಬಿ ಫ್ರಾಕು ಎಳೆದಳು, ಕೊರಳ ಸುತ್ತ ಜರಿ, ಒಳಗೆ ಅಸ್ತರವಿಲ್ಲ, ಬೆರಳಿನಿಂದ ಸವರಿ ನೋಡಿದಳು, ಚುಚ್ಚಿತು. ಇಂಥದ್ದು ಹಾಕಿ ಬೆವರು ಹತ್ತಿದರೆ ಅಪ್ಪಿ ಕೈ ಕಚ್ಚಿಕೊಳ್ಳುತ್ತಾಳೆ, ತೆಗೆಯುವವರೆಗೂ ಕಚ್ಚಿಕೊಳ್ಳುತ್ತಾಳೆ, ಇದು ಜಗತ್ತಿನಲ್ಲಿ ಒಬ್ಬಳಿಗೇ ಗೊತ್ತು. ನಾಲ್ಕು ಮಂದಿ ನೋಡೋ ದಿನ, ಚಂದ ಕಾಣ್ಬೇಕಲ್ಲ, ಅಂದಳು ಕೇಳದಿದ್ದ ಗಂಡನಿಗೆ, ಎಷ್ಟ್ ಚಂದ ಅದ ಅಕ್ಕಾ, ಅಂದಳು ದೇವಿಕಾ ಎಣ್ಣೆ ಹಚ್ಚಿಕೊಳ್ಳುತ್ತ, ಗುಂಡಿ ಹಾಕುವಾಗ ಅಪ್ಪಿ ಸುಮ್ಮನೆ ನಿಂತಿದ್ದಳು, ತಾಯಿಯ ಕೈಗಳು ಅಲ್ಲವೇ.

ಈಗ ನೋಡು, ಈಗ ಶುರುವಾಯಿತು, ಗಾಜಿನಾಚೆ ಅಪ್ಪಿ ಭುಜವನ್ನು ಕಿವಿಯವರೆಗೆ ಏರಿಸುತ್ತಿದ್ದಾಳೆ, ಕೊರಳು ಉಜ್ಜುತ್ತಿದ್ದಾಳೆ, ದೇವಿಕಾ ಚಿತ್ರ ಇಟ್ಟರೆ ಎಸೆದಳು, ಮಣಿ ಕೊಟ್ಟರೆ ಚೆಲ್ಲಿದಳು, ಊರಿನ ರಟ್ಟು ತೆಗೆದರೆ, ಅದನ್ನೂ, ಅದನ್ನೂ ಒದ್ದಳು. ದೇವಿಕಾಳ ನಗು ಎಲ್ಲಿ ಹೋಯಿತು. ನೆತ್ತಿಯಿಂದ ಎಣ್ಣೆ ಬೆವರು ಇಳಿಯುತ್ತಿದೆ, ಮೇಡಂ ಕಡೆ ನೋಡುತ್ತಾಳೆ, ಮೇಡಂ ಸುಮ್ಮನೆ ಬರೆಯುತ್ತಾರೆ, ಟೀಚರುಗಳು ಒಬ್ಬರ ಕಿವಿಗೊಬ್ಬರು ಬಾಗುತ್ತಾರೆ, ಸಂಪದಾಳ ನಾಲಿಗೆಯ ಮೇಲೆ ಬೆಲ್ಲದ ರುಚಿ, ನಿಜವಾಗಿಯೂ ಬೆಲ್ಲದ ರುಚಿ, ಇನ್ನೇನು ಕರೆಯುತ್ತಾರೆ ಅವಳನ್ನು, ಬಾರವಾ ತಾಯಿ ನಿನ್ನ ಬಿಟ್ಟು ಯಾರಿಗೂ ಆಗಂಗಿಲ್ಲ ಎಂದು ಕರೆಯುತ್ತಾರೆ, ಅಪ್ಪಿ ಚೀರುತ್ತ ಬಂದು ಹೊಟ್ಟೆಗೆ ಮುಖ ಹುದುಗಿಸುತ್ತಾಳೆ, ಬಾ ಬಂಗಾರ, ಬಾ — ಮಗಳು ಮುಂಗೈ ಕಚ್ಚಿದಳು, ಹಲ್ಲಿನ ಗುರುತು ಇಲ್ಲಿಗೇ ಕಾಣುತ್ತದೆ ಕೆಂಪಗೆ, ಬೆಲ್ಲ ಬಾಯಲ್ಲೇ ಕರಗಿ ಕಹಿಯಾಯಿತು, ಸಾಕು, ಕರೆಯಿರಿ ನನ್ನ, ಯಾಕೆ ಕರೆಯುವುದಿಲ್ಲ. ಆಗ ಅಪ್ಪಿ ಎದ್ದಳು. ಚೀರಲಿಲ್ಲ. ಚಾಪೆ ದಾಟಿ ನೇರ ಕಿಟಕಿಗೆ ಬಂದಳು, ಗಾಜಿಗೆ ಮೂಗು ಹಚ್ಚಿದಳು, ಉಸಿರಿನ ಮಂಜು ಹಬ್ಬಿತು, ಯಾರ ಕಣ್ಣನ್ನೂ ನೋಡದ ಮಗಳು ತಾಯಿಯ ಕಣ್ಣನ್ನು ನೋಡಿದಳು, ಬಲಗೈ ಎತ್ತಿದಳು, ಮುಷ್ಟಿಯಿಂದ ತೋರುಬೆರಳೊಂದೇ ಬೇರೆಯಾಗಿ ಹೊರಬಂತು, ನೆಟ್ಟಗೆ, ಕೊರಳನ್ನು ಮುಟ್ಟಿತು, ಗಾಜಿನಾಚೆಯಿಂದ ತಾಯಿಯನ್ನು ತೋರಿಸಿತು, ಮತ್ತೆ ಕೊರಳು, ಮತ್ತೆ ತಾಯಿ.

ಒಳಗೆ ಕುರ್ಚಿಗಳು ಹಿಂದೆ ಸರಿದವು, ಚಪ್ಪಾಳೆ, ಬಾಗಿಲು ಧಡಾರನೆ ತೆರೆದು ದೇವಿಕಾ ಓಡಿ ಬಂದಳು, ಕಣ್ಣಲ್ಲಿ ನೀರು, ಅಕ್ಕಾ, ಬೆರಳು ಮಾಡಿದಳ್ರಿ ಅಕ್ಕಾ, ನಿಮ್ಮನ್ನೇ ತೋರ್ಸಿದಳು. ನೀರು ಬೇಕಾದರೂ ಯಾರದಾದರೂ ಮಣಿಕಟ್ಟು ಹಿಡಿದೆಳೆಯುವ ಮಗಳು, ಬೆರಳು ಮಾಡಿ ತೋರಿಸುವುದೆಂದರೆ ಮಾತಿನ ಹೊಸ್ತಿಲಿಗೆ ಬಂದ ಹಾಗೆ, ಇದು ಗಾಜಿನ ಎರಡೂ ಕಡೆ ಇದ್ದವರಿಗೆಲ್ಲ ಗೊತ್ತು, ಸಂಪದಾಳೇ ಎಷ್ಟು ತಾಯಂದಿರಿಗೆ ಹೇಳಿದ್ದಾಳೆ, ಎಷ್ಟು ವರ್ಷ ತನ್ನ ಬೆರಳಿನಿಂದ ಮಗಳ ಬೆರಳು ಬಿಡಿಸಿ ಚಂದ್ರನ ಕಡೆ ಹಿಡಿದಿದ್ದಾಳೆ. ಅವ್ವ ಅಂದಂಗೇ ಆತಲ್ರಿ ಅಕ್ಕಾ, ನಾ ಒಂದ್ ವಾರ ಕುಣದ್ರೂ ನನಗ ಮಾಡ್ಲಿಲ್ಲ ನೋಡ್ರಿ, ಹೊಟ್ಟಿಕಿಚ್ಚು ಆಗ್ಲಿಕತ್ತದ ನನಗ, ಅಂದು ದೇವಿಕಾ ಅವಳನ್ನು ಅಪ್ಪಿಕೊಂಡಳು. ಸಂಪದಾ ಒಳಗೆ ಹೋದಳು, ಬಟ್ಟಿ ಚುಚ್ಚಲಿಕತ್ತದ, ಅಂದಳು ಯಾರಿಗೋ, ಗುಂಡಿ ಬಿಚ್ಚಿದಳು, ಫ್ರಾಕು ಮೇಲೆ ಎಳೆದಳು, ಕೊರಳ ಸುತ್ತ ಹಾರ ಹಾಕಿದಂತೆ ಕೆಂಪು ಗೀರು. ತಾಯಿ ಅಂದ್ರ ತಾಯಿನೇ, ಒಂದೇ ನೋಟಕ್ ತಿಳೀತು, ಅಂದಳು ನಾರಾಯಣಖೇಡದ ಟೀಚರೊಬ್ಬಳು. ಹೊಸಾದೇನವಾ ಇದು, ಕೇಳಿದರು ಸಾವಿತ್ರೀಬಾಯಿ. ಹೌದ್ರಿ ಮೇಡಂ, ಹಬ್ಬದ್ದು. ಮೇಡಂ ಫ್ರಾಕು ಎತ್ತಿಕೊಂಡು ಅದರ ಕೊರಳನ್ನು ತಮ್ಮ ಮುಂಗೈಯ ಒಳಬದಿಗೆ ಒಮ್ಮೆ ಉಜ್ಜಿಕೊಂಡರು, ಸಂಪದಾಳ ಮುಖ ನೋಡಿದರು, ಮಡಿಸಿ ಬೆಂಚಿನ ಮೇಲಿಟ್ಟರು.

ಒಳಲಂಗದಲ್ಲೇ ಅಪ್ಪಿ ಮತ್ತೆ ಚಾಪೆಗೆ ಹೋದಳು, ತಾಯಿಯ ಹೊಟ್ಟೆಗಲ್ಲ, ದೇವಿಕಾಳ ಎದುರಿಗೆ, ಊರುಗಳನ್ನು ಇಟ್ಟಳು, ಮಣಿ ಪೋಣಿಸಿದಳು, ಚಿತ್ರಕ್ಕೆ ಹೆಸರು ಹೊಂದಿಸಿದಳು, ಈ ಸಲ ತಾಯಿಯನ್ನು ಹೊರಗೆ ಕಳಿಸಲಿಲ್ಲ, ಸಂಪದಾ ಗೋಡೆಗೆ ಒರಗಿ ನಿಂತಿದ್ದಳು, ಹೊಟ್ಟೆಯ ತಳದ ಹುಳಿ ಇನ್ನೂ ಅಲ್ಲೇ ಇತ್ತು, ನಾಚಿಕೆಯೂ ಅದನ್ನು ತೊಳೆಯಲಿಲ್ಲ, ಇದೇ ಅವಳಿಗೆ ಹೆಚ್ಚು ಹೆದರಿಕೆಯಾದದ್ದು. ಒಂದನೇ ಕ್ಲಾಸಿಗಿ ಕೂಡ್ಬಹುದು, ಕೂಸಿನ ಬಾಜೂಕ ಒಬ್ರು ಕೂಡಬೇಕು, ಮದಲಿಗಿ ನೀನೇ ಕೂಡು, ಅಂದರು ಮೇಡಂ, ಅಂದು ಮೆಲ್ಲಗೆ, ಸಂಪದಾಳಿಗಷ್ಟೇ ಕೇಳುವಂತೆ, ಬಾಜೂಕಷ್ಟೇ ಕೂಡಬೇಕವಾ, ಅಂದರು. ದೇವಿಕಾ ತಾಂಡೂರಿಗೆ ಹೊರಟ ಜೀಪಿನ ಹಿಂದುಗಡೆ ಹತ್ತಿದಳು, ರಟ್ಟುಗಳನ್ನೆಲ್ಲ ಅಪ್ಪಿಗೆ ಕೊಟ್ಟು, ಕೈ ಬೀಸುತ್ತ, ಅಪ್ಪಿ ನೋಡಲಿಲ್ಲ, ರಟ್ಟಿನ ಅಂಚು ನೆಕ್ಕುತ್ತಿದ್ದಳು, ನೋಡಲಿಲ್ಲವಲ್ಲ ಎಂದು ಸಂಪದಾಳ ಮನಸ್ಸು ಒಂದು ಗಳಿಗೆ ಹಿಗ್ಗಿತು, ಹಿಗ್ಗಿದ್ದು ಕಂಡು ಕುಗ್ಗಿತು.

ಹಳೆಯ ಹತ್ತಿಯ ಫ್ರಾಕನ್ನು ಮನೆಯಿಂದ ತರಿಸಿ ತೊಡಿಸಿ ಕೈ ಹಿಡಿದು ಹೊರಟಿದ್ದಾಳೆ, ಓಣಿ ಬಿಟ್ಟು ಡಿಪೋ ರಸ್ತೆ ಹಿಡಿದಿದ್ದಾಳೆ, ಹೆದ್ದಾರಿಯ ಮೇಲೆ ಸಮ್ಮೆಯವರು ಕಲ್ಲಿಟ್ಟು ಒಲೆ ಹೂಡಿ ರಸ್ತೆಯಲ್ಲೇ ಅಡುಗೆ ಮಾಡುತ್ತಿದ್ದಾರೆ, ಬೇಳೆ ಕುದಿಯುವ ವಾಸನೆ, ಸೌಟು ಹಿಡಿದ ನಂದಕಿಶೋರ ಓಡಿ ಬರುತ್ತಾನೆ, ಏನಾತು ಸಂಪದಾ, ಪಾಸೇನು. ಸಾಲಿಗಿ ತೊಗೋತಾರಂತ, ಅಂದಳು, ಮತ್ತೆ, ಬೆರಳು ಮಾಡಿದಳು, ಅಂದಳು. ಬೆರಳು ಮಾಡಿದಳಾ, ಯಾರಿಗಿ? ನನಗ, ಅಂದಳು. ನಿನಗೇ ಮಾಡ್ಬೇಕಲ್ಲ ಮತ್ತ, ಇನ್ಯಾರಿಗಿ ಮಾಡ್ಯಾಳು, ಎಂದು ಅವನು ಸೌಟು ಎತ್ತಿ ಕೂಗಿದ, ಏ ಕೇಳ್ರೆಪ್ಪಾ, ನನ್ನ ಮಗಳು ಅವ್ವನ್ನ ಗುರ್ತ್ ಹಿಡಿದಾಳ, ಒಲೆಯ ಸುತ್ತಲಿನವರು ಜೈ ತೆಲಂಗಾಣ ಎನ್ನುವ ದನಿಯಲ್ಲೇ ಜೈ ಎಂದರು, ಗುರುತು ಹಿಡಿದಾಳೆ, ಹೌದು ಗುರುತೇ ಹಿಡಿದಿದ್ದಾಳೆ, ಚುಚ್ಚಿದ್ದು ಯಾರೆಂದು ಕೇಳುತ್ತಿದ್ದಳೋ, ತೆಗೆ ಎಂದು ಬೇಡುತ್ತಿದ್ದಳೋ, ನೀನು ಎಂದಳೋ, ನೀನೇ ಎಂದಳೋ, ಓದಬಲ್ಲವಳು ತಾನೊಬ್ಬಳೇ ಅಲ್ಲವೇ, ಓದು, ಓದು ಈಗ. ಅಪ್ಪಿಯ ಮುಷ್ಟಿ ಅಂಗೈಯೊಳಗೆ ಬೆವೆತಿದೆ, ಡಿಪೋ ಗೋಡೆ ಬಂತು, ಒಳಗಿನ ಒಂದು ಬೆರಳು ಉಳಿದವುಗಳಿಂದ ಬಿಡಿಸಿಕೊಳ್ಳುತ್ತಿದೆ, ಬಸ್ಸನ್ನು ತೋರಿಸಲಿಕ್ಕಿರಬೇಕು, ಬಸ್ಸೇ ಇರಬೇಕು, ಸಂಪದಾ ಕೆಳಗೆ ನೋಡುವುದಿಲ್ಲ, ಹಿಡಿತ ಬಿಗಿಯುತ್ತದೆ, ಸಡಿಲಾಗುತ್ತದೆ, ಗಾಜು, ಗಾಜಿನ ಮೇಲೆ ಉಸಿರಿನ ಮಂಜು, ಮಂಜಿನ ನಡುವೆ ಆ ಬೆರಳು, ಕೊರಳು, ತಾನು, ಆ ಬೆರಳು, ತಾನು, ಆ ಬೆರಳು